ಗೇಣಿ ಲೆಕ್ಕದಲ್ಲಿ ಹುಟ್ಟಿದ ಜಾತ್ರೆ

ಸ್ಪೇನಿನ ಉತ್ತರ ಭಾಗದಲ್ಲಿರುವ ಬಾಸ್ಕ್ ನಾಡಿನಲ್ಲಿ ಪ್ರತಿ ಡಿಸೆಂಬರ್ 21ರಂದು ಸಂತ ತೋಮಸನ ಜಾತ್ರೆ ಸೇರುತ್ತದೆ. ದಕ್ಷಿಣ ಭಾರತಕ್ಕೆ ಬಂದಿದ್ದನೆಂದು ಇಲ್ಲಿನ ಕ್ರೈಸ್ತರು ನಂಬುವ ತೋಮಸನೇ ಈತ. ಆದರೆ ಜಾತ್ರೆಗೆ ಹೆಸರಷ್ಟೇ ಸಂತನದು, ಅದನ್ನು ಹುಟ್ಟಿಸಿದ್ದು ಗೇಣಿ ಲೆಕ್ಕ.

ಅಲ್ಲಿನ ರೈತನ ಮನೆಗೆ ಬಸೆರ್ರಿ ಎನ್ನುತ್ತಾರೆ. ಗುಡ್ಡದ ಇಳಿಜಾರಿನಲ್ಲಿ ಒಂಟಿಯಾಗಿ ನಿಂತ ಕಲ್ಲಿನ ಮನೆ. ಒಂದೇ ಸೂರಿನಡಿ ದನವೂ ಜನವೂ. ಮನೆಯ ಹೆಸರೇ ಎಷ್ಟೋ ಕುಟುಂಬಗಳ ಅಡ್ಡಹೆಸರು. ಹೀಗಿದ್ದೂ ಅನೇಕರಿಗೆ ಆ ಮನೆ, ಹೊಲ ಸ್ವಂತದ್ದಲ್ಲ; ಒಡೆಯ ಪೇಟೆಯಲ್ಲಿರುತ್ತಿದ್ದ. ತೋಮಸನ ದಿನ ಗೇಣಿದಾರರು ಬಿಲ್ಬಾವೊಗೋ ಸ್ಯಾನ್ ಸೆಬಾಸ್ಟಿಯನ್‌ಗೋ ಇಳಿದು ಬಂದು ಬಾಕಿ ತೀರಿಸಬೇಕು. ಬರಿಗೈಲಿ ಬರುವಂತಿಲ್ಲ, ಬೀಜ ಒಡೆದು ಕೊಬ್ಬಿಸಿದ ಜೋಡಿ ಹುಂಜದ ಕಾಣಿಕೆ ಬೇಕು. ಪ್ರತಿಯಾಗಿ ಒಡೆಯ ಊಟ ಹಾಕುತ್ತಿದ್ದ. ಈ ಊಟವನ್ನು ಔದಾರ್ಯವೆಂದು ಬಣ್ಣಿಸುವವರಿದ್ದಾರೆ. ನನಗಂತೂ ಹಾಗನ್ನಿಸುವುದಿಲ್ಲ, ಉಂಡವನ ದುಡಿಮೆಯೇ ಎಲೆಗೆ ಬಿದ್ದದ್ದಲ್ಲವೇ?

ಪೇಟೆಗೆ ಬಂದದ್ದಾಯಿತಲ್ಲ ಎಂದು ತರಕಾರಿ, ಕೋಳಿ, ಗಿಣ್ಣುಗಳನ್ನೂ ಮಾರಲು ತಂದರು. ವ್ಯಾಪಾರ ಬೆಳೆಯಿತು, ಗೇಣಿ ಮರೆಯಾಯಿತು. 1969ರಲ್ಲಿ ಚರ್ಚು ತೋಮಸನ ಹಬ್ಬವನ್ನು ಜುಲೈ 3ಕ್ಕೆ ಸಾಗಿಸಿದರೂ ಜಾತ್ರೆ ಡಿಸೆಂಬರನ್ನು ಬಿಟ್ಟು ಕದಲಲಿಲ್ಲ.

ಈಗ ಪೇಟೆಯವರೇ ರೈತರ ಉಡುಪು ತೊಟ್ಟು, ತಲೆಗೆ ಬೆರೆಟ್ ಟೋಪಿಯಿಟ್ಟು ಬರುತ್ತಾರೆ. ಬಿಸಿ ತಾಲೊ, ಅಂದರೆ ನಮ್ಮ ರೊಟ್ಟಿಯಂಥದೇ ಮೆಕ್ಕೆಜೋಳದ ರೊಟ್ಟಿ, ಅದರೊಳಗೆ ಚಿಸ್ಟೋರಾ ಎಂಬ ಹಂದಿಮಾಂಸದ ಸಾಸೇಜು. ಜೊತೆಗೆ ಹುಳಿಯಾದ ಸೇಬಿನ ಮದ್ಯ.

ಇಂಥ ಹಳ್ಳಿಹಬ್ಬಗಳಲ್ಲಿ ನಡೆಯುವ ಆಟಗಳನ್ನು ನೋಡಿದರೆ ಹೊಲಮನೆಯ ಕೆಲಸ ತಾನಾಗಿ ಗೊತ್ತಾಗುತ್ತದೆ. ದಿಮ್ಮಿಯ ಮೇಲೆ ನಿಂತು ಕಾಲ ಬುಡಕ್ಕೇ ಕೊಡಲಿ ಬೀಸುವುದು, ಗುಂಡುಕಲ್ಲನ್ನು ಹೆಗಲಿಗೇರಿಸುವುದು, ಜೋಡೆತ್ತುಗಳಿಂದ ಭಾರೀ ಬಂಡೆ ಎಳೆಸುವುದು. ಸುತ್ತ ಬಾಜಿ ಕಟ್ಟುವವರ ಗದ್ದಲ.

ಹಳ್ಳಿ-ಪೇಟೆಗಳ ಈ ನಂಟಿಗೆ ಬಾಸ್ಕ್ ನಾಡಿನದೇ ಆದ ಒರ್ಡಿಸಿಯಾ ಪಟ್ಟಣದ ಮಾತನ್ನೂ ಹೇಳಿಬಿಡುತ್ತೇನೆ. 1512ರಲ್ಲಿ ಊರು ಬೆಂಕಿಗೆ ಬೆಂದಾಗ ರಾಣಿ ಹುವಾನಾ ಸಂತೆಯ ಹಕ್ಕು ಕೊಟ್ಟಳು. ಬುಧವಾರದ ಸಂತೆ ಇಂದಿಗೂ ನಿಂತಿಲ್ಲ. ಸೆಪ್ಟೆಂಬರಿನ ಹಬ್ಬದಲ್ಲಿ ಅಲ್ಲಿ ಇದಿಯಾಸಬಾಲ್ ಗಿಣ್ಣಿನ ಸ್ಪರ್ಧೆ. ಲಾಚಾ ಕುರಿಯ ಹಸಿ ಹಾಲಿನಿಂದ ಮಾಡಿದ ಗಿಣ್ಣು ಅದು. ಗೆದ್ದ ಗಿಣ್ಣಿನ ಅರ್ಧ ಭಾಗ ಹರಾಜಿಗೆ ಬರುತ್ತದೆ, ಬೆಲೆ ಸಾವಿರಾರು ಯೂರೋ ಮುಟ್ಟುತ್ತದೆ. ಬೆಲೆ ಏರಿಸುತ್ತ ಹೋಗುವವರು ಪೇಟೆಯ ಹೋಟೆಲಿನವರು. ಕುರಿ ಸಾಕಿದವರು ಎದುರಿಗೇ ನಿಂತು ನೋಡುತ್ತಿರುತ್ತಾರೆ.