ಪೇಟೆಯಲ್ಲಿ ನಡೆದು ನೋಡಬೇಕಾದುದು

(ಕೆಂಗೇರಿ ಉಪನಗರದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಕೆಂಗೇರಿ ಉಪನಗರದವರಿಗೆ ಚಿಕ್ಕಪೇಟೆ ಎಂದರೆ ಮದುವೆ ಸೀರೆ ತರುವ ಜಾಗ. 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂದ ಮೇಲೆ, ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿದರೆ ಪೇಟೆಯೇ ಸಿಕ್ಕಿತು. ಆದರೆ ಪೇಟೆಗೆ ಹೋಗಿಬರುವುದು ಬೇರೆ, ಪೇಟೆಯನ್ನು ನೋಡುವುದು ಬೇರೆ. ನೋಡಬಯಸುವವರಿಗಾಗಿ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯೂ ಕೆಲವು ಖಾಸಗಿ ತಂಡಗಳೂ ಮಾರ್ಗದರ್ಶಕರೊಡನೆ ನಡಿಗೆಗಳನ್ನು ಏರ್ಪಡಿಸುತ್ತ ಬಂದಿವೆ. ಅಂಥ ನಡಿಗೆಯಲ್ಲಿ ಏನನ್ನು ನೋಡಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ಹಲವು ಜನಾಂಗಗಳು ಕೂಡಿ ಬೆಳೆಸಿದ ಊರುಗಳು ಎಲ್ಲೆಡೆ ಇವೆ. ಬಾಲಿ ದ್ವೀಪದ ಡೆನ್‌ಪಸಾರ್‌ನಲ್ಲಿ ಗಜಮದ ರಸ್ತೆಯ ಚೀನೀ ಅಂಗಡಿಗಳಿಂದ ಸುಲವೇಸಿ ರಸ್ತೆಯ ಅರಬ್ ಮತ್ತು ಭಾರತೀಯ ಮೂಲದ ಬಟ್ಟೆ ವ್ಯಾಪಾರಿಗಳ ಬಳಿಗೆ ನಡೆದೇ ಹೋಗಬಹುದು. ಬೆಂಗಳೂರಿನ ಪೇಟೆಯೂ ಅದೇ ಜಾತಿಯದು.

1537ರಲ್ಲಿ ಕೆಂಪೇಗೌಡ ಕಟ್ಟಿಸಿದ ಊರಿನ ಮುಖ್ಯ ಬೀದಿಗಳು ದೊಡ್ಡಪೇಟೆ ಮತ್ತು ಚಿಕ್ಕಪೇಟೆ. ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಸುತ್ತ ಸರಕಿನ ಹೆಸರಿನ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ. ಕಸುಬಿನ, ಕುಲದ ಹೆಸರಿನ ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ ಬೆಳೆದವು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಹೆಸರಿನಲ್ಲಿ ಕಬ್ಬನ್‌ಪೇಟೆಯಾಯಿತು.

ನಡಿಗೆಯಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು ಕಟ್ಟಡಗಳು. ಕೋಟೆ ವೆಂಕಟರಮಣ ದೇವಸ್ಥಾನ, ಅದರ ಪಕ್ಕದಲ್ಲೇ 1791ರಲ್ಲಿ ಮುಗಿದ ಟಿಪ್ಪುವಿನ ಅರಮನೆ, ಮಾರುಕಟ್ಟೆಯ ಬಳಿಯ ಜಾಮಿಯಾ ಮಸೀದಿ, ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು. ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಪ್ರಕಟಿಸಿದ ಬಿ.ಎಲ್. ರೈಸ್ ಅವರ ತಂದೆಯ ನೆನಪಿನ ಚರ್ಚು ಅದು. ಇವೆಲ್ಲ ನೋಡತಕ್ಕವೇ. ಆದರೆ ಮತಕ್ಕೊಂದು ಕಟ್ಟಡ ತೋರಿಸಿ ‘ಎಲ್ಲರೂ ಇಲ್ಲಿದ್ದಾರೆ’ ಎಂದರೆ ಜನ ಅಕ್ಕಪಕ್ಕ ಇದ್ದುದಷ್ಟೇ ತಿಳಿಯುತ್ತದೆ. ಒಬ್ಬರಿಗೊಬ್ಬರು ಏಕೆ ಬೇಕಾಗಿದ್ದರು ಎಂಬುದು ತಿಳಿಯುವುದಿಲ್ಲ.

ಅದನ್ನು ತಿಳಿಸುವುದು ಕಸುಬು. ಒಂದು ರೇಷ್ಮೆ ಸೀರೆಯನ್ನೇ ತೆಗೆದುಕೊಳ್ಳಿ. ಗೂಡು ಬೆಳೆದವನು ರಾಮನಗರದ ಕಡೆಯ ರೈತ. ಅಲ್ಲಿ ನೂಲು ಬಿಚ್ಚುವ ರೀಲರುಗಳಲ್ಲಿ ಬಹುಮಂದಿ ಮುಸಲ್ಮಾನರು. ಜರಿ ಬರುವುದು ಗುಜರಾತಿನ ಸೂರತ್‌ನಿಂದ. ಕಬ್ಬನ್‌ಪೇಟೆಯ ಸುತ್ತಮುತ್ತ ನೇಯ್ದವರು ದೇವಾಂಗರು, ಪಟ್ಟೆಗಾರರು. ಚಿಕ್ಕಪೇಟೆಯಲ್ಲಿ ಮಾರುವವರಲ್ಲಿ ಕನ್ನಡಿಗರೂ ಇದ್ದಾರೆ, ಮಾರವಾಡಿಗಳೂ ಇದ್ದಾರೆ. ಯಾವ ಒಂದು ಕೈ ತಪ್ಪಿದರೂ ಸೀರೆಯಿಲ್ಲ.

ಈ ನೂಲಿನ ದಾರಿಯಲ್ಲಿ ಕೆಂಗೇರಿಗೂ ಪಾಲುಂಟು. 1860ರ ದಶಕದಲ್ಲಿ ರೋಗ ತಗುಲಿ ಮೈಸೂರು ಸೀಮೆಯ ರೇಷ್ಮೆ ಹುಳುಗಳು ನಾಶವಾಗುತ್ತಿದ್ದಾಗ, ಇಟಲಿಯ ಡಿ ವೆಕ್ಕಿ ಎಂಬಾತ ಜಪಾನಿನಿಂದ ಮೊಟ್ಟೆ ತರಿಸಿದ. ಹಬೆಯಂತ್ರದಿಂದ ನೂಲು ತೆಗೆಯುವ ಕಾರ್ಖಾನೆಯನ್ನು ಆತ ಸ್ಥಾಪಿಸಿದ್ದು ಕೆಂಗೇರಿಯಲ್ಲೇ.

ವ್ಯಾಪಾರದ ಈ ನಂಟು ಹಬ್ಬದಲ್ಲೂ ಕಾಣುತ್ತದೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗ, ಅರಳೆಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದೆ ಸಾಗುತ್ತದೆ. ಒಂದು ಊರು ತನ್ನ ನೆರೆಹೊರೆಯನ್ನು ವರ್ಷಕ್ಕೊಮ್ಮೆ ತಾನೇ ನಡೆದು ನೋಡುವ ಪದ್ಧತಿ ಇದು. ಪೇಟೆಯ ಅತ್ಯಂತ ಹಳೆಯ ನಡಿಗೆ ಇದೇ ಎಂದರೆ ತಪ್ಪಾಗದು.

ಈಗ ಕುಂಬಾರಪೇಟೆಯಲ್ಲಿ ತಿಗರಿ ಹುಡುಕಿದರೆ ಸಿಗದು, ಗಾಣಿಗರಪೇಟೆಯಲ್ಲಿ ಗಾಣವಿಲ್ಲ. ಕಬ್ಬನ್‌ಪೇಟೆಯ ಮಗ್ಗಗಳ ಸದ್ದೂ ಬಹುಮಟ್ಟಿಗೆ ಅಡಗಿದೆ. ಕಟ್ಟಡ ಉಳಿಸಬೇಕೆಂಬ ಕೂಗಿಗೆ ಕೇಳುವ ಕಿವಿಗಳಾದರೂ ಇವೆ. ಕಸುಬು ಊರು ಬಿಟ್ಟು ಹೊರಟಾಗ ಯಾರೂ ತಡೆಯುವುದಿಲ್ಲ. ಆದ್ದರಿಂದ ಮುಂದಿನ ಸಲ ಪೇಟೆಯಲ್ಲಿ ನಡೆಯುವಾಗ ‘ಈ ಗೋಪುರ ಎಷ್ಟು ಹಳೆಯದು’ ಎಂದು ಕೇಳುವ ಜೊತೆಗೆ, ‘ಈ ಸರಕು ಯಾರ ಯಾರ ಕೈ ದಾಟಿ ಬಂತು’ ಎಂದೂ ಕೇಳಿ. ಮಾರ್ಗದರ್ಶಕರಿಗೆ ಗೊತ್ತಿಲ್ಲದಿದ್ದರೂ ಅಂಗಡಿಯವರು ಹೇಳಿಯಾರು.