ಚೋಮನ ಅಳಲು ಕೇಳಿದವರಾರು?



ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ ಪ್ರಕಟವಾದದ್ದು 1933ರಲ್ಲಿ. ಅದರ ನಾಯಕ, ಅಸ್ಪೃಶ್ಯನೆನಿಸಿದ ಚೋಮನ ಬಳಿ ಜೋಡಿ ಎತ್ತುಗಳಿದ್ದವು, ಉಳುವ ಆಸೆಯಿತ್ತು. ಆದರೂ ತುಂಡು ನೆಲ ಸಿಗಲಿಲ್ಲ. ಜಾತಿ ಅಡ್ಡ ಬಂತು. ಹೊಳೆಯಲ್ಲಿ ಮುಳುಗುತ್ತಿದ್ದ ಅವನ ಮಗನನ್ನು ಮೇಲೆತ್ತಲೂ ಮೈಲಿಗೆಯ ಭಯ ಬಿಡಲಿಲ್ಲ. ಅವನ ಅಳಲಿಗೆ ಜೊತೆಯಾದದ್ದು ದುಡಿ ಎಂಬ ಚರ್ಮವಾದ್ಯವೊಂದೇ. 1937ರಲ್ಲಿ ಅಮೆರಿಕದ ಲೇಖಕ ಸ್ಟೈನ್‌ಬೆಕ್ ಬರೆದ ‘ಆಫ್ ಮೈಸ್ ಅಂಡ್ ಮೆನ್’ನಲ್ಲೂ ಕಪ್ಪು ವರ್ಣದ ಆಳು ಕ್ರುಕ್ಸ್, ಲಾಯದ ಕೋಣೆಯಲ್ಲಿ ಒಂಟಿ.

ಇಂಥ ಒಂಟಿತನ ಪುಸ್ತಕಗಳಲ್ಲಷ್ಟೇ ಇಲ್ಲ. ಬೆಂಗಳೂರಿನ ವಿಜಯನಗರದಲ್ಲೋ ಕೆಂಗೇರಿಯಲ್ಲೋ ಬೆಳಿಗ್ಗೆ ರಸ್ತೆಬದಿಯಲ್ಲಿ ಬುತ್ತಿ ಹಿಡಿದು ಕೂಲಿಗೆ ಕಾಯುವವರಲ್ಲಿ ಹೊಲ ಉತ್ತ ಕೈಗಳೂ ಇವೆ. ನಾವು ಅವರ ಕೂಲಿ ಎಷ್ಟೆಂದು ಕೇಳುತ್ತೇವೆ, ಹೆಸರು ಕೇಳುವುದಿಲ್ಲ. ಇಂದು ಹೆಸರು ಕೇಳೋಣ. ನಾವು ಕುಡಿಯುವ ಲೋಟದಲ್ಲೇ ನೀರು ಕೊಡೋಣ. ಒಂಟಿತನ ಕರಗುವುದು ಅಲ್ಲಿಂದಲೇ.