ಹೊಲಕ್ಕೂ ಒಂದು ಹೆಸರಿತ್ತು



ರಾಯಚೂರು ಅಂದರೆ ನಿಮಗೆ ಏನು ನೆನಪಾಗುತ್ತದೆ? ಬಿಸಿಲು! ಸ್ವಲ್ಪ ಓದಿಕೊಂಡವರು ಶಕ್ತಿನಗರದ ಕರೆಂಟು, ಹಟ್ಟಿಯ ಚಿನ್ನ ಅನ್ನುತ್ತೀರಿ. ಇನ್ನೂ ಓದಿದವರು 1520ರ ಯುದ್ಧ, ಕೃಷ್ಣದೇವರಾಯ ಅನ್ನುತ್ತೀರಿ. ಅಲ್ಲಿಗೆ ಮುಗಿಯಿತು. ಗೂಗಲ್ ಅಂದರೆ ನಿಮ್ಮ ಕೈ ತಾನಾಗಿ ಮೊಬೈಲಿಗೆ ಹೋಗುತ್ತದೆ. ದೇವದುರ್ಗ ತಾಲೂಕಿನವರಿಗೆ ಗೂಗಲ್ ಅಂದರೆ ಕೃಷ್ಣಾ ನದಿಯ ದಂಡೆಯ ಮೇಲಿನ ಒಂದು ಊರು. ಅಮೆರಿಕದ ಕಂಪನಿ ಹುಟ್ಟುವ ಮೊದಲೇ ಇದ್ದ ಊರು!

ಕಳೆದ ಚಳಿಗಾಲದಲ್ಲಿ ನಾನು ಒಬ್ಬನೇ ರಾಯಚೂರಿನಿಂದ ಹೊರಟು ಗಬ್ಬೂರು, ದೇವದುರ್ಗ, ಸಿರವಾರದ ಮೇಲೆ ಮಾನ್ವಿಗೆ ನಡೆದುಕೊಂಡು ಹೋದೆ. ನಾಲ್ಕು ದಿನ ಹಿಡಿಯಿತು. ಹರಕೆಯೂ ಅಲ್ಲ, ಪಾದಯಾತ್ರೆಯೂ ಅಲ್ಲ, ಪತ್ರಿಕೆಯಲ್ಲಿ ಫೋಟೋ ಬರಲಿ ಅಂತಲೂ ಅಲ್ಲ. ಗಬ್ಬೂರಿನ ಆಚೆ ನನ್ನ ತಾಯಿಯ ತವರೂರು. ಸೂಟಿ ಬಿಟ್ಟರೆ ನಾನು ಅಲ್ಲಿಯೇ. ಆ ದಾರಿಗಳು ಕಾಲಿಗೆ ಇನ್ನೂ ನೆನಪಿವೆಯೋ ಇಲ್ಲವೋ ನೋಡಬೇಕಿತ್ತು, ಅಷ್ಟೇ. ದಾರಿಯುದ್ದಕ್ಕೂ ಜನ ಕೇಳಿದ್ದು ಒಂದೇ ಪ್ರಶ್ನೆ: "ಯಾಕ ತಮ್ಮಾ, ಬಸ್ಸಿಗಿ ರೊಕ್ಕ ಇಲ್ಲೇನು?"

ನಾನು ಚಿಕ್ಕವನಿದ್ದಾಗ ನಮ್ಮ ಸೋದರಮಾವನ ಊರಿನಲ್ಲಿ ಪ್ರತಿಯೊಂದು ಹೊಲಕ್ಕೂ ಒಂದು ಹೆಸರಿತ್ತು. ಹುಣಸೀಮರದ ಹೊಲ. ಎಂಟೆತ್ತಿನ ಹೊಲ: ಕರಕಿ ಬೇರು ಇಳಿದ ಎರೆಭೂಮಿ ಅದು, ಎಂಟೆತ್ತು ಕಟ್ಟಿದ ದೊಡ್ಡ ನೇಗಿಲಿಗೆ ಮಾತ್ರ ಬಗ್ಗುತ್ತಿತ್ತಂತೆ. ಜಗಳದ ಹೊಲ: ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿ ಇಬ್ಬರೂ ಸೋತಿದ್ದು. ಬಾಣಂತಿ ಹಳ್ಳ: ಅದರ ಕಥೆಯನ್ನು ಸಂಜೆ ಮೇಲೆ ಹೇಳುತ್ತಿರಲಿಲ್ಲ. "ಬುತ್ತಿ ಎಲ್ಲಿಗಿ ಒಯ್ಯಲಿ?" ಅಂದರೆ ಮಾವ ಒಂದೇ ಮಾತು ಹೇಳುತ್ತಿದ್ದ, ನಾನು ಕಣ್ಣುಮುಚ್ಚಿ ಹೋಗುತ್ತಿದ್ದೆ. ಹೆಸರೇ ದಾರಿ.

ಈ ಸಲ ಹೋದಾಗ ಬಿಳಿಜೋಳ ಸೀತನಿಗೆ ಬಂದಿತ್ತು. ಒಬ್ಬ ಹುಡುಗ, ಇಪ್ಪತ್ತರ ಒಳಗಿನವ, ಬೆಂಕಿ ಹಾಕಿ ತೆನೆ ಸುಡುತ್ತಿದ್ದ. ಪ್ರೀತಿಯಿಂದ ಕರೆದು ಕೈತುಂಬ ಕೊಟ್ಟ. ಇದು ಯಾವ ಹೊಲವಪ್ಪಾ ಅಂದೆ. ಸರ್ವೆ ನಂಬರು ಹೇಳಿದ! ಹೆಸರೇನು ಅಂದೆ. ನಕ್ಕ. "ಹೊಲಕ್ಕ ಎಂಥಾ ಹೆಸರ್ರೀ?" ಅವನು ನಿಂತಿದ್ದು ಹುಣಸೀಮರದ ಹೊಲದಲ್ಲಿ. ಮರ ಇಲ್ಲ. ಬದುವಿನ ತುಂಬ ಬಳ್ಳಾರಿ ಜಾಲಿ.

ಹುಡುಗನ ತಪ್ಪಲ್ಲ. ಬ್ಯಾಂಕಿನವರಿಗೆ, ಬೆಳೆವಿಮೆಯವರಿಗೆ, ತಹಸೀಲ್ದಾರ ಕಚೇರಿಗೆ ನಂಬರೇ ಬೇಕು. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಅವನು ವರ್ಷದಲ್ಲಿ ಎಂಟು ತಿಂಗಳು ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ನಮ್ಮ ಕಡೆ ಇದಕ್ಕೆ ಗುಳೆ ಅನ್ನುತ್ತಾರೆ. ಮಳೆ ಕೈಕೊಟ್ಟರೆ ಗುಳೆ, ಸಾಲ ಮೈಮೇಲೆ ಬಂದರೆ ಗುಳೆ. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಅಂತ ಗುರುತಿಸಿತು. ಆ ಪಟ್ಟಿಯಲ್ಲಿ ದೇವದುರ್ಗ ಇದೆ. ನಾನು ದಾಟಿದ ಎಷ್ಟೋ ಓಣಿಗಳಲ್ಲಿ ಸಾಲು ಸಾಲು ಮನೆಗೆ ಬೀಗ. ಕಟ್ಟೆಯ ಮೇಲೆ ಮುದುಕರು, ಅವರ ಸುತ್ತ ಸಣ್ಣ ಮಕ್ಕಳು. ನಡುವಿನ ತಲೆಮಾರೇ ಇಲ್ಲ! ಹೆಸರು ಅಪ್ಪನಿಂದ ಮಗನಿಗೆ ಹೊಲದಲ್ಲಿ ನಿಂತು ದಾಟಬೇಕು. ಅಪ್ಪ ಹೆಬ್ಬಾಳದಲ್ಲಿ ಶೀಟಿನ ಗುಡಿಸಲಲ್ಲಿ ಇದ್ದರೆ ಹೇಗೆ ದಾಟೀತು?

ಇದೇನು ದೊಡ್ಡ ಸಂಗತಿ ಅನ್ನಬೇಡಿ. ಚಾಲುಕ್ಯರ ಕಾಲದ ದಾನಶಾಸನ ಯಾವುದನ್ನಾದರೂ ತೆಗೆದು ಓದಿ. ರಾಜನ ಬಿರುದು ಹೊಗಳಿ ಹೊಗಳಿ ಮುಗಿದ ಮೇಲೆ ಕೊಟ್ಟ ಭೂಮಿಯ ಗಡಿ ಬರುತ್ತದೆ. ಮೂಡಲಿಗೆ ಇಂಥ ಹಳ್ಳ, ತೆಂಕಲಿಗೆ ನೆಟ್ಟ ಕಲ್ಲು, ಪಡುವಲಿಗೆ ಇಂಥ ಮರ, ಹುತ್ತ, ಗುಂಡಿ. ಬಿರುದುಗಳನ್ನು ಪಂಡಿತರು ಕಟ್ಟಿದರು, ಈ ಹೆಸರುಗಳನ್ನು ಒಕ್ಕಲು ಮಕ್ಕಳು ಕಟ್ಟಿದರು. ಗಬ್ಬೂರಿನಲ್ಲಿ ಹಳೆಯ ಗುಡಿಗಳೂ ಶಾಸನಗಳೂ ಬೇಕಾದಷ್ಟಿವೆ. ನಾನು ಒಂದು ಗುಡಿಯ ನೆರಳಲ್ಲಿ ಕೂತು ರೊಟ್ಟಿ ತಿಂದೆ. ಆ ಕಲ್ಲಿನಲ್ಲಿ ಉಳಿದಷ್ಟು ಕೂಡ ನಮ್ಮ ಮಾವನ ಊರಿನ ಹೆಸರುಗಳು ಉಳಿಯುವುದಿಲ್ಲವಲ್ಲ ಅನ್ನಿಸಿತು.

ನಿಜಾಮನ ಆಳ್ವಿಕೆ ಇಲ್ಲಿ 1948ರ ಸೆಪ್ಟೆಂಬರ್‌ವರೆಗೆ ನಡೆಯಿತು. ಕಚೇರಿ ಉರ್ದು, ಕೋರ್ಟು ಉರ್ದು, ಹೈಸ್ಕೂಲಿನ ಪಾಠವೂ ಉರ್ದು. ಮಾವನ ಟ್ರಂಕಿನಲ್ಲಿ ಇದ್ದ ಹಳೆಯ ದಸ್ತಾವೇಜು ಓದಿಸಲು ಊರಿನ ಖಾಜಿಯವರ ಹತ್ತಿರ ಹೋಗಬೇಕಿತ್ತು. ಖಾಜಿ ಉರ್ದು ಅಕ್ಷರದ ಮೇಲೆ ಬೆರಳಿಟ್ಟು ಓದುತ್ತ ಓದುತ್ತ "ಎಂಟೆತ್ತಿನ ಹೊಲ" ಅಂದಾಗ ನನಗೆ ರೋಮಾಂಚನ! ಆಳುವ ಭಾಷೆ ಅದನ್ನು ಅಳಿಸಲಿಲ್ಲ, ತನ್ನ ಲಿಪಿಯಲ್ಲಿ ಬರೆದುಕೊಂಡಿತು. ಅಂಥ ಕಾಲದಲ್ಲಿ, 1934ರಲ್ಲಿ, ಪಂಜೆ ಮಂಗೇಶರಾಯರನ್ನು ಅಧ್ಯಕ್ಷರನ್ನಾಗಿ ಮಾಡಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನ ನಡೆಸಿದ ಜನ ನಮ್ಮವರು. ನಿಜಾಮನ ಕಾಲ ದಾಟಿ ಬಂದ ಹೆಸರು ನಮ್ಮದೇ ಸರ್ಕಾರದ ಕಾಲದಲ್ಲಿ ಹೋಗುತ್ತಿದೆ. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟೆವು, ಪಟಾಕಿ ಹೊಡೆದೆವು. ಸರಿ. ಕೆಳಗಿನ ಹೆಸರುಗಳ ಲೆಕ್ಕ ಇಟ್ಟವರು ಯಾರು?

ದೇವದುರ್ಗ ದಾಟಿ ಸಿರವಾರದ ಕಡೆ ಬಂದರೆ ನೆಲದ ಬಣ್ಣವೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ಕಣ್ಣು ಹಾಯುವವರೆಗೆ ಭತ್ತ. ಅಣೆಕಟ್ಟು ಬಂದ ಮೇಲೆ ಆಂಧ್ರದ ರೈತರು ಬಂದು ಭೂಮಿ ಕೊಂಡು, ದಿನ್ನೆ ಕಡಿದು ತಗ್ಗು ತುಂಬಿ ಗದ್ದೆ ಮಾಡಿದರು. ಅವರ ಊರುಗಳಿಗೆ ಕ್ಯಾಂಪ್ ಅಂತ ಹೆಸರು. ದಿನ್ನೆಯೇ ಇಲ್ಲದ ಮೇಲೆ ದಿನ್ನೆ ಹೊಲ ಎಲ್ಲಿಂದ ಬರಬೇಕು! ಈಗ ನೀವು ಚಪ್ಪಾಳೆ ಹೊಡೆಯಲು ಕೈ ಎತ್ತಿದ್ದೀರಿ, ಇಳಿಸಿ. ನಾನು ಅವರನ್ನು ಬೈಯಲು ಬಂದಿಲ್ಲ. ಮಾರಿದವರು ನಮ್ಮವರೇ, ಬಡತನಕ್ಕೆ ಮಾರಿದರು. ಒಂದು ಕ್ಯಾಂಪಿನ ಚಹದಂಗಡಿಯಲ್ಲಿ ತೆಲುಗು ಮನೆಮಾತಿನ ಹುಡುಗಿ ನನಗೆ ದಾರಿ ಹೇಳಿದ್ದು ಅಪ್ಪಟ ರಾಯಚೂರು ಕನ್ನಡದಲ್ಲಿ. "ಸೀದಾ ಹೋಗ್ರಿ, ತೂಬು ಬರ್ತೈತಿ, ಎಡಕ್ಕ ಹೊಳ್ರಿ." ತೂಬೇ ಅವಳಿಗೆ ಹೊಸ ಹುಣಸೀಮರ.

ಹಾಗೆ ನೋಡಿದರೆ ಈ ಸೀಮೆ ನಡೆದವರ ಸೀಮೆ. ಮಾನ್ವಿ ತಾಲೂಕಿನ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು, ಅವರ ಶಿಷ್ಯರು ದೇವದುರ್ಗ ಕಡೆಯ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯಲ್ಲಿ ನೆಲೆಸಿ ಭಾಮಿನಿ ಷಟ್ಪದಿಯಲ್ಲಿ 'ಹರಿಕಥಾಮೃತಸಾರ' ಬರೆದ ಜಗನ್ನಾಥದಾಸರು. 18ನೆಯ ಶತಮಾನದಲ್ಲಿ ತಂಬೂರಿ ಹಿಡಿದು ಊರೂರು ತಿರುಗಿದ ಪರಂಪರೆ. ಮಾನ್ವಿಯಲ್ಲಿ ದಾಸರ ಗುಡಿಯ ಹೊರಗೆ ಚಪ್ಪಲಿ ಬಿಟ್ಟಾಗ ನನ್ನ ಹಿಮ್ಮಡಿಯಲ್ಲಿ ಎರಡು ಬೊಬ್ಬೆ ಎದ್ದಿದ್ದವು. ಅವರಿಗೆ ಎಷ್ಟಿದ್ದವೋ!

ಇನ್ನೊಂದು ಮಾತು ಹೇಳಲೇಬೇಕು. ನಾನು ಓದಲು ದೊಡ್ಡ ಊರಿಗೆ ಬಂದಾಗ ಹಾಸ್ಟೆಲಿನಲ್ಲಿ "ಹೊಂಟೀನಿ" ಅಂದರೆ ನಗುತ್ತಿದ್ದರು. ನಕ್ಕವರು ಇಂಗ್ಲಿಷಿನವರಲ್ಲ, ಕನ್ನಡದವರೇ. ನಾನು ಒಂದೇ ವರ್ಷದಲ್ಲಿ "ಹೋಗ್ತಿದೀನಿ" ಕಲಿತೆ. ಇವತ್ತು ಆ ಸೀತನಿ ಹುಡುಗ ನಿಮ್ಮ ಅಪಾರ್ಟ್‌ಮೆಂಟಿನ ಹತ್ತನೆಯ ಮಹಡಿಗೆ ಕಬ್ಬಿಣ ಕಟ್ಟುತ್ತಾನೆ. ಅವನನ್ನು ನೋಡಿದ ತಕ್ಷಣ ನೀವು ಹಿಂದಿಯಲ್ಲಿ ಶುರು ಮಾಡುತ್ತೀರಿ! ಬೋರ್ಡಿಗೆ ಮಸಿ ಬಳಿಯುವ ಉತ್ಸಾಹ ಇರುವವರೇ, ಅವನ ಜೊತೆ ಕನ್ನಡದಲ್ಲಿ ಎರಡು ಮಾತಾಡಿ. ಊರು ಯಾವುದು ಅಂತ ಕೇಳಿ. ಹೊಲದ ಹೆಸರು ಕೇಳಿ. ಗೊತ್ತಿಲ್ಲ ಅಂದರೆ ಫೋನ್ ಹಚ್ಚಿ ಅಜ್ಜನನ್ನು ಕೇಳು ಅನ್ನಿ.

ನನ್ನ ನೋಟುಬುಕ್ಕಿನಲ್ಲಿ ಈಗ ಮಾವನ ಊರಿನ 41 ಹೆಸರುಗಳಿವೆ. ಹೊಲ, ಹಳ್ಳ, ಬಾವಿ, ಬಂಡೆ ಎಲ್ಲ ಸೇರಿ. ಇನ್ನೂ ಮೂವರು ಹಿರಿಯರನ್ನು ಕೇಳುವುದು ಬಾಕಿ ಇದೆ. ಒಬ್ಬರಿಗೆ ಕಿವಿ ಮಂದ, ಕಿರುಚಬೇಕು. ನಮ್ಮ ಕಡೆ ಮೊಹರಂಗೆ ಗುಳೆ ಹೋದವರೆಲ್ಲ ಜಾತಿಮತ ಅನ್ನದೆ ಊರಿಗೆ ಬರುತ್ತಾರೆ, ಅಲಾಯಿ ಕುಣಿಯುತ್ತಾರೆ. ಅಪ್ಪಂದಿರೂ ಮಕ್ಕಳೂ ಒಟ್ಟಿಗೆ ಊರಲ್ಲಿ ಸಿಗುವುದು ಆಗಲೇ. ನಾನು ಆಗ ಹೋಗುತ್ತೇನೆ. ರಾಯಚೂರು ಬಸ್ ನಿಲ್ದಾಣದಿಂದ ಬೆಳಿಗ್ಗೆ ಐದಕ್ಕೆ ನಡಿಗೆ ಶುರು. ಬರುವವರು ಒಂದು ನೋಟುಬುಕ್ಕು, ಎರಡು ಬಾಟಲಿ ನೀರು, ಹಳೆಯ ಚಪ್ಪಲಿ ತನ್ನಿ. ಹೊಸದು ಕಚ್ಚುತ್ತದೆ.